ಪಾಚಿ ತಿನ್ನುವ ಮೀನಿನ ಸ್ವಭಾವ ಅರಿತು ಸಾಕುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಮನೆಯಲ್ಲಿ ಮೀನು ಸಾಕುವ ಪರಿಚಿತರು ನನ್ನ ಬಳಿ ತರುವ ದೂರು ಬಹುಪಾಲು ಒಂದೇ ಬಗೆಯದು. ಗಾಜಿಗೆ ಪಾಚಿ ಹತ್ತಿತೆಂದು ಗಾಜಿಗೆ ಬಾಯಿ ಹಚ್ಚಿ ಪಾಚಿ ಕೆರೆಯುವ ಎರಡು ಅಂಗುಲದ ಸಕ್ಕರ್ ಮರಿಯನ್ನೋ, ಅರಿಶಿನ ಬಣ್ಣದ ‘ಹನಿ ಸಕ್ಕರ್’ ಮರಿಯನ್ನೋ ತಂದು ಬಿಡುತ್ತಾರೆ. ಮೊದಲ ಎರಡು ಮೂರು ತಿಂಗಳು ಗಾಜು ತೊಳೆದಿಟ್ಟಂತಿರುತ್ತದೆ. ವರ್ಷ ತುಂಬುವ ಹೊತ್ತಿಗೆ ಪಾಚಿಯೂ ಮರಳಿರುತ್ತದೆ, ಗೋಲ್ಡ್‌ಫಿಶ್‌ನ ಪಕ್ಕೆಯಲ್ಲಿ ನಾಲ್ಕಾಣೆಯಗಲದ ಗಾಯವೂ ಕಾಣಿಸಿಕೊಂಡಿರುತ್ತದೆ. ಇಲ್ಲಿ ಕೆಟ್ಟದ್ದು ಮೀನಲ್ಲ, ಕೆಲಸದ ಕ್ರಮ. ಪಾಚಿ, ನೀರು, ತೊಟ್ಟಿ ಈ ಮೂರನ್ನೂ ನೋಡಿಕೊಂಡ ಮೇಲೆ ಕೊಳ್ಳಬೇಕಾದ ಮೀನನ್ನು ನಾವು ಎಲ್ಲಕ್ಕಿಂತ ಮೊದಲು ಕೊಂಡುಬಿಡುತ್ತೇವೆ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ ಅನುಸರಿಸಬೇಕೆಂದು ಕೋರುತ್ತೇನೆ.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಗ್ರಿ

ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್, ಅಮೋನಿಯ, ನೈಟ್ರೈಟ್ ಮತ್ತು ನೈಟ್ರೇಟ್ ಅಳೆಯುವ ಪರೀಕ್ಷಾ ಕಿಟ್, ಥರ್ಮಾಮೀಟರ್, ಕೆಂಪು ಜಿಲೇಟಿನ್ ಕಾಗದ ಸುತ್ತಿದ ಟಾರ್ಚು, ತೊಟ್ಟಿಗೆ ಬಿಗಿಯಾಗಿ ಕೂರುವ ಮುಚ್ಚಳ, ಗಾಜು ಒರೆಸುವ ಆಯಸ್ಕಾಂತದ ಬ್ರಷ್, ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ, ಮತ್ತು ಜಗಳವಾದರೆ ಒಂದು ಮೀನನ್ನು ಬೇರೆ ಇಡಲು ಸುಮಾರು 40 ಲೀಟರಿನ ಟಬ್ಬು. ಕರೆಂಟು ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಹಳ್ಳಿಯ ಕಡೆಯವರಿಗೆ ಅನುಕೂಲದ ವಸ್ತುವಲ್ಲ, ಅವಶ್ಯಕ ವಸ್ತು. ಕೆಂಪು ಟಾರ್ಚು ಏಕೆಂಬುದು ಏಳನೆಯ ಹಂತದಲ್ಲಿ ತಿಳಿಯುತ್ತದೆ.

ಹಂತ 1: ಯಾವ ಪಾಚಿ ಎಂಬುದನ್ನು ಗುರುತಿಸಿ

ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಗಾಜು, ಕಲ್ಲುಗಳ ಮೇಲೆ ಕೂರುವ ಕಂದು ಧೂಳಿನಂಥ ಪೊರೆಯನ್ನು ಬೆರಳಿನಿಂದ ಒರೆಸಿದರೆ ಹೋಗುತ್ತದೆ. ಇದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ತೊಟ್ಟಿ ಹಳತಾದಂತೆ ಬಹುತೇಕ ತಾನಾಗಿಯೇ ಕಡಿಮೆಯಾಗುತ್ತದೆ. ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡದ ಹಸಿರು ಚುಕ್ಕೆಗಳನ್ನು ಮೀನುಗಳು ಅಷ್ಟಾಗಿ ಮುಟ್ಟುವುದಿಲ್ಲ, ಅದಕ್ಕೆ ಬ್ಲೇಡೇ ಮದ್ದು. ಎಲೆಯ ಅಂಚಿನಲ್ಲಿ ಕಪ್ಪು ಗಡ್ಡದಂತೆ ಬೆಳೆಯುವ ಪಾಚಿಯನ್ನು ತಿನ್ನುವ ಮೀನುಗಳು ಬೆರಳೆಣಿಕೆಯಷ್ಟು. ನೀರೇ ಹೆಸರುಕಾಳಿನ ಕಷಾಯದಂತೆ ಹಸಿರಾಗಿದ್ದರೆ, ಅಥವಾ ನೀಲಿಹಸಿರು ಬಣ್ಣದ ಲೋಳೆಯ ಹಾಳೆ ಮರಳಿನ ಮೇಲೆ ಹರಡಿ ನಾರುತ್ತಿದ್ದರೆ, ಯಾವ ಸಕ್ಕರ್ ಮೀನೂ ಅದನ್ನು ಶುದ್ಧ ಮಾಡಲಾರದು. ಈ ಎರಡಕ್ಕೆ ಮೀನು ತರುವುದು ಹಣ ಮತ್ತು ಜೀವ ಎರಡರ ನಷ್ಟ.

ದೀಪವನ್ನು ದಿನಕ್ಕೆ 6ರಿಂದ 8 ಗಂಟೆಗೆ ಇಳಿಸಿ, ಕಿಟಕಿಯ ಬಿಸಿಲು ತೊಟ್ಟಿಗೆ ಬೀಳದಂತೆ ಮಾಡಿ, ಹಾಕುವ ಆಹಾರವನ್ನು ಅರ್ಧಕ್ಕೆ ಕಡಿಮೆ ಮಾಡಿ ಮೂರು ವಾರ ನೋಡಿ. ನನ್ನನ್ನು ಕೇಳಿದವರಲ್ಲಿ ಹಲವರಿಗೆ ಇದಾದ ಮೇಲೆ ಮೀನು ಕೊಳ್ಳುವ ಅಗತ್ಯವೇ ಬೀಳಲಿಲ್ಲ.

ಹಂತ 2: ನೀರನ್ನು ಅಳೆಯಿರಿ

ನಮ್ಮ ಜಿಲ್ಲೆಗಳಲ್ಲಿ ತೊಟ್ಟಿಗೆ ಹೋಗುವುದು ಬಹುಮಟ್ಟಿಗೆ ಕೊಳವೆಬಾವಿಯ ಗಡಸು ನೀರು. ಕೋಲಾರದ ನಮ್ಮ ಮನೆಯ ನೀರಿನ ಟಿಡಿಎಸ್ ಬೇಸಿಗೆಯಲ್ಲಿ 900 ದಾಟುತ್ತದೆ, ಮಳೆಗಾಲ ಕಳೆದ ಮೇಲೆ ಇಳಿಯುತ್ತದೆ. ಹೀಗಾಗಿ ಒಮ್ಮೆ ಅಳೆದು ಸುಮ್ಮನಾಗದೆ ಋತುವಿಗೊಮ್ಮೆ ಅಳೆಯಬೇಕು. ಕೃಷಿ ಭೂಮಿಯ ಅಂತರ್ಜಲದಲ್ಲಿ ನೈಟ್ರೇಟ್ ಸೇರಿಕೊಂಡಿರುವುದೂ ಉಂಟು. ನಲ್ಲಿಯಿಂದ ಬರುವ ನೀರಿನಲ್ಲೇ ನೈಟ್ರೇಟ್ ಇದ್ದರೆ, ನೀವು ಪಾಚಿ ತೊಳೆಯಲೆಂದು ಬದಲಿಸುವ ಪ್ರತಿ ಬಕೆಟ್ಟೂ ಪಾಚಿಗೆ ಗೊಬ್ಬರ ಹಾಕಿದಂತೆ.

ಊರೂರಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನು ಬೆರೆಸಿಕೊಳ್ಳುವುದು ಸುಲಭದ ದಾರಿ. 900 ಟಿಡಿಎಸ್ ನೀರಿಗೆ 60 ಟಿಡಿಎಸ್ಸಿನ ಘಟಕದ ನೀರನ್ನು ಸಮಸಮ ಬೆರೆಸಿದರೆ ಸುಮಾರು 480 ಬರುತ್ತದೆ. ಮುಂದಿನ ಹಂತದಲ್ಲಿ ಬರುವ ಬ್ರಿಸಲ್‌ನೋಸ್ ಎಂಬ ಸಣ್ಣ ಸಕ್ಕರ್‌ಗೆ ಇಷ್ಟು ಸಾಕು. ಘಟಕದ ನೀರನ್ನು ಮಾತ್ರ ತುಂಬುವುದು ತಪ್ಪು. ಖನಿಜ ತೀರಾ ಕಡಿಮೆಯಿರುವ ನೀರಿನಲ್ಲಿ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ನಿಲ್ಲದೆ ಏರಿಳಿಯುತ್ತದೆ. ನಗರದ ನಲ್ಲಿ ನೀರು ಬಳಸುವವರು ಕ್ಲೋರಿನ್ ನಿವಾರಕ ಹಾಕಲೇಬೇಕು.

ಮೀನಿನ ಹೊಲಸು, ಉಳಿದ ಆಹಾರದಿಂದ ಹುಟ್ಟುವ ವಿಷಗಳಾದ ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಯಾಗಿರಬೇಕು. ಗಡಸು ನೀರಿನವರು ಇದರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಪಿಎಚ್ 7 ಇದ್ದಾಗಿನದಕ್ಕಿಂತ 8 ಇದ್ದಾಗ ಅದೇ ಅಮೋನಿಯದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ. ಹೊಸ ತೊಟ್ಟಿ ಈ ಸ್ಥಿತಿಗೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅದಕ್ಕೂ ಮುಂಚೆ ಪಾಚಿ ಮೀನನ್ನು ಬಿಟ್ಟರೆ ಅದಕ್ಕೆ ತಿನ್ನಲು ಸಾಕಷ್ಟು ಪಾಚಿಯೂ ಇರುವುದಿಲ್ಲ, ಉಸಿರಾಡಲು ಒಳ್ಳೆಯ ನೀರೂ ಇರುವುದಿಲ್ಲ.

ಹಂತ 3: ಅಂಗಡಿಯಲ್ಲಿ ಮೀನನ್ನು ಸರಿಯಾಗಿ ಗುರುತಿಸಿ

ಎಲ್ಲರೂ ಸೋಲುವುದು ಇಲ್ಲೇ. ಅಂಗಡಿಯ ಭಾಷೆಯಲ್ಲಿ ಗಾಜಿಗೆ ಬಾಯಿ ಹಚ್ಚುವ ಮೀನುಗಳೆಲ್ಲ ‘ಸಕ್ಕರ್’. ಆದರೆ ಅವುಗಳ ಸ್ವಭಾವದಲ್ಲಿ ಹಸುವಿಗೂ ಹೋರಿಗೂ ಇರುವಷ್ಟು ವ್ಯತ್ಯಾಸವಿದೆ.

ಮೊದಲನೆಯದು ಸಾಮಾನ್ಯ ಸಕ್ಕರ್, ಅಂದರೆ ಕಾಮನ್ ಪ್ಲೆಕೋ. ಕಪ್ಪು ಕಂದು ಚುಕ್ಕೆ, ಹಾಯಿಯಂತೆ ಎತ್ತರದ ಬೆನ್ನಿನ ರೆಕ್ಕೆ. ಎರಡು ಅಂಗುಲದ ಈ ಮರಿ ಬಲಿತರೆ 30 ಸೆಂಟಿಮೀಟರ್ ದಾಟುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಹಗಲು ಸೋಮಾರಿ, ರಾತ್ರಿ ಚುರುಕು. ಹೊಟ್ಟೆಗೆ ಸಾಲದಿದ್ದರೆ ನಿದ್ದೆಯಲ್ಲಿ ತಳ ಸೇರಿದ ಗೋಲ್ಡ್‌ಫಿಶ್‌ನ ಮೈಲೋಳೆಯನ್ನು ನೆಕ್ಕುತ್ತದೆ. ಎರಡಡಿಯ ತೊಟ್ಟಿಗೆ ಇದು ಖಂಡಿತ ಬೇಡ.

ಎರಡನೆಯದು ಹನಿ ಸಕ್ಕರ್ ಅಥವಾ ಗೋಲ್ಡನ್ ಆಲ್ಗೆ ಈಟರ್. ಇದು ಚೈನೀಸ್ ಆಲ್ಗೆ ಈಟರ್ ಎಂಬ ಮೀನಿನ ಹಳದಿ ತಳಿ. ಮೈ ಕಡ್ಡಿಯಂತೆ ಉದ್ದ. ಕಿವಿರಿನ ಮೇಲ್ಭಾಗದಲ್ಲಿ ನೀರು ಎಳೆದುಕೊಳ್ಳಲು ಬೇರೆಯೇ ಒಂದು ರಂಧ್ರವಿರುವುದರಿಂದ, ಬಾಯಿಯನ್ನು ಬಿಡದೆ ಒಂದೇ ಕಡೆ ಕಚ್ಚಿಕೊಂಡು ಉಸಿರಾಡಬಲ್ಲದು. ಮರಿಯಾಗಿದ್ದಾಗ ಪಾಚಿಯನ್ನು ನಿಜಕ್ಕೂ ಚೆನ್ನಾಗಿ ತಿನ್ನುತ್ತದೆ. ಬೆಳೆದಂತೆ ಪಾಚಿಯಲ್ಲಿ ಆಸಕ್ತಿ ಕಳೆದುಕೊಂಡು ಜಾಗಕ್ಕಾಗಿ ಕಾದಾಡುತ್ತದೆ. ಏಂಜೆಲ್, ಡಿಸ್ಕಸ್, ಗೋಲ್ಡ್‌ಫಿಶ್‌ಗಳಂಥ ಅಗಲ ಮೈಯ, ನಿಧಾನಗತಿಯ ಮೀನುಗಳ ಪಕ್ಕೆಗೆ ಅಂಟಿಕೊಳ್ಳುತ್ತದೆ. ಬಲಿತದ್ದು 25 ಸೆಂಟಿಮೀಟರ್ ಮುಟ್ಟುತ್ತದೆ. ಮನೆಯ ಮಿಶ್ರ ತೊಟ್ಟಿಗೆ ಇದನ್ನು ಕೊಳ್ಳಬೇಡಿ ಎಂಬುದೇ ನನ್ನ ಸಲಹೆ; ಬಣ್ಣಕ್ಕೆ ಮರುಳಾಗಿ ನಾನೂ ಒಮ್ಮೆ ತಂದು ಕೈಸುಟ್ಟುಕೊಂಡವನು.

ಸಯಾಮೀಸ್ ಆಲ್ಗೆ ಈಟರ್ ಮೂರನೆಯದು, ಕಪ್ಪು ಗಡ್ಡದ ಪಾಚಿಯನ್ನು ತಿನ್ನುವ ಅಪರೂಪದ ಮೀನು. ಗುರುತು ಹಿಡಿಯುವುದು ಹೀಗೆ: ಮೂತಿಯಿಂದ ಹೊರಡುವ ಕಪ್ಪು ಪಟ್ಟಿ ಬಾಲದ ರೆಕ್ಕೆಯ ತುದಿಯವರೆಗೂ ಸಾಗುತ್ತದೆ, ಪಟ್ಟಿಯ ಅಂಚು ಹರಿದ ಕಾಗದದಂತೆ ಅಂಕುಡೊಂಕು, ಉಳಿದ ರೆಕ್ಕೆಗಳು ಪಾರದರ್ಶಕ. ಪಟ್ಟಿಯ ಅಂಚು ನೇರವಾಗಿದ್ದು ಅದರ ಮೇಲೆ ಹೊಂಬಣ್ಣದ ಗೆರೆಯಿದ್ದರೆ, ರೆಕ್ಕೆಗಳಲ್ಲಿ ಕಪ್ಪು ಬಿಳುಪು ಕಂಡರೆ ಅದು ಫ್ಲೈಯಿಂಗ್ ಫಾಕ್ಸ್. ಈ ಫಾಕ್ಸ್ ಬೆಳೆದ ಮೇಲೆ ತನ್ನ ಜಾತಿಯದನ್ನೇ ಸಹಿಸದು. ಸಯಾಮೀಸ್ ಮೀನು ಗುಂಪಿನಲ್ಲಿ ಶಾಂತವಾಗಿರುತ್ತದೆ, ಆದರೆ ಹಾರುತ್ತದೆ, ಹಾಗಾಗಿ ಮುಚ್ಚಳವಿಲ್ಲದ ತೊಟ್ಟಿಗೆ ತರಬಾರದು. ಹಿಟ್ಟಿನ ಗುಳಿಗೆಯ ರುಚಿ ಹತ್ತಿದರೆ ಇದೂ ಪಾಚಿಯನ್ನು ಬಿಡುತ್ತದೆ.

ಬ್ರಿಸಲ್‌ನೋಸ್ 10ರಿಂದ 13 ಸೆಂಟಿಮೀಟರಿಗೆ ನಿಲ್ಲುತ್ತದೆ. ನಮ್ಮ ಕಡೆಯ ನೀರಿಗೂ, ಎರಡೂವರೆ ಮೂರಡಿಯ ತೊಟ್ಟಿಗೂ ಒಗ್ಗುವಂಥದ್ದು. ಗಂಡಿನ ಮೂತಿಯ ಮೇಲೆ ಕವಲೊಡೆದ ಮೀಸೆಗಳಿರುತ್ತವೆ. ಸಣ್ಣ ತೊಟ್ಟಿಯಲ್ಲಿ ಎರಡು ಗಂಡು ಕೂಡದು.

ಓಟೋಸಿಂಕ್ಲಸ್ ಬಹಳ ಸಾಧು, 3ರಿಂದ 5 ಸೆಂಟಿಮೀಟರ್, ಆರರ ಗುಂಪು ಬೇಕು. ಆದರೆ ಗಡಸು ನೀರಿನಲ್ಲಿ ಬಾಳುವುದು ಕಷ್ಟ, ಬಂದ ಮೊದಲ ವಾರಗಳಲ್ಲಿ ಹಸಿವಿನಿಂದಲೇ ಸಾಯುವವು ಹೆಚ್ಚು. ಟಿಡಿಎಸ್ 250ರ ಒಳಗೆ ತರಲಾಗದವರು ಇದನ್ನು ಮರೆತು ಮೋಲಿ ಸಾಕುವುದು ಮೇಲು. ಮೋಲಿಗೆ ಗಡಸು ನೀರೇ ಇಷ್ಟ, ಎಳೆ ಪಾಚಿಯನ್ನು ದಿನವಿಡೀ ಮೇಯುತ್ತದೆ.

‘ರೇನ್‌ಬೋ ಶಾರ್ಕ್’, ‘ರೆಡ್‌ಟೇಲ್ ಶಾರ್ಕ್’ಗಳನ್ನೂ ಪಾಚಿ ತಿನ್ನುತ್ತವೆಂದು ಮಾರುತ್ತಾರೆ. ತಿನ್ನುವುದು ಅಲ್ಪ, ಅಟ್ಟಾಡಿಸುವುದು ಅಪಾರ.

ಹಂತ 4: ತೊಟ್ಟಿಯಲ್ಲಿ ಜಾಗ ಹಂಚಿಡಿ

ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರು ಸಿಗುತ್ತದೆ. 60×30×30ರ ತೊಟ್ಟಿ 54 ಲೀಟರು. ಇದರಲ್ಲಿ ಮೋಲಿಗಳು ಸುಖವಾಗಿರುತ್ತವೆ, ಬ್ರಿಸಲ್‌ನೋಸ್‌ಗೆ ಇಕ್ಕಟ್ಟು. 90×38×38ರ ತೊಟ್ಟಿ ಸುಮಾರು 130 ಲೀಟರು, ಒಂದು ಜೋಡಿ ಬ್ರಿಸಲ್‌ನೋಸ್‌ಗೆ ಸಾಕು.

ತಳದಲ್ಲಿರುವ ಮೀನು ತೊಟ್ಟಿಯನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ಬಿಲಗಳಲ್ಲಿ ಅಳೆಯುತ್ತದೆ. ಮೀನಿಗಿಂತ ಒಂದು ಬಿಲ ಹೆಚ್ಚಿರಲಿ, ಒಂದರ ಬಾಯಿ ಇನ್ನೊಂದಕ್ಕೆ ಎದುರಾಗದಿರಲಿ. ನಾರು ಪೂರ್ತಿ ತೆಗೆದು ಕುದಿಸಿದ ತೆಂಗಿನ ಚಿಪ್ಪನ್ನು ಮೊಗಚಿ, ಅಂಚಿನಲ್ಲಿ ಮೀನು ತೂರುವಷ್ಟು ಒಡೆದು ಇಟ್ಟರೆ ಅಂಗಡಿಯ ದುಬಾರಿ ಗುಹೆ ಬೇಕಿಲ್ಲ. ತಿಪಟೂರಿನ ಕಡೆಯವರಿಗೆ ಚಿಪ್ಪಿನ ಬರವೂ ಇಲ್ಲ. ಬಣ್ಣ ಬಳಿಯದ ಮಣ್ಣಿನ ಕುಡಿಕೆಯೂ ಆಗುತ್ತದೆ. ಬ್ರಿಸಲ್‌ನೋಸ್‌ಗೆ ಕೆರೆಯಲು ಮರದ ತುಂಡು ಬೇಕು: ಪೂರ್ತಿ ಒಣಗಿದ, ತೊಗಟೆ ಸುಲಿದ ಸೀಬೆಯ ಕೊಂಬೆಯನ್ನು ಕುದಿಸಿ, ವಾರ ನೆನೆಹಾಕಿ, ನೀರು ಕಂದಾಗುವುದು ಕಡಿಮೆಯಾದ ಮೇಲೆ ಇಡಿ. ಕೋಲಾರದ ಬೆಟ್ಟದ ಗ್ರಾನೈಟ್ ಕಲ್ಲಿನಿಂದ ತೊಂದರೆಯಿಲ್ಲ. ಹೊಲದಲ್ಲಿ ಸಿಗುವ ಬಿಳಿಯ ಸುಣ್ಣಗಲ್ಲು ನೀರನ್ನು ಮತ್ತಷ್ಟು ಗಡಸು ಮಾಡುತ್ತದೆ. ಕಲ್ಲಿನ ಮೇಲೆ ಎರಡು ತೊಟ್ಟು ವಿನೆಗರ್ ಹಾಕಿದಾಗ ನೊರೆ ಎದ್ದರೆ ಅದನ್ನು ಹೊರಗೇ ಬಿಡಿ.

ಹಂತ 5: ತಂದ ದಿನ ಬಿಡುವ ಕ್ರಮ

ಅಂಗಡಿಯಲ್ಲೇ, ಮೀನು ಗಾಜಿಗೆ ಅಂಟಿರುವಾಗ ಅದರ ಹೊಟ್ಟೆಯನ್ನು ನೋಡಿ. ದುಂಡಗಿದ್ದರೆ ತನ್ನಿ, ಚಮಚದ ಕುಳಿಯಂತೆ ಒಳಗೆ ಸೇದಿಕೊಂಡಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಎಷ್ಟು ಅಗ್ಗವಾದರೂ ಬೇಡ.

ಮನೆಗೆ ಬಂದ ಮೇಲೆ ತೊಟ್ಟಿಯ ದೀಪ ಆರಿಸಿ, ಚೀಲವನ್ನು 15 ನಿಮಿಷ ತೇಲಬಿಡಿ. ಅನಂತರ ಚೀಲ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟ ತೊಟ್ಟಿಯ ನೀರನ್ನು ಸೇರಿಸುತ್ತ ಮುಕ್ಕಾಲು ಗಂಟೆ ಕಳೆಯಿರಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ. ಸಕ್ಕರ್ ಜಾತಿಯ ಮೀನನ್ನು ಬಲೆಯಲ್ಲಿ ಹಿಡಿಯಲೇಬೇಡಿ. ಹೆದರಿದಾಗ ರೆಕ್ಕೆಯ ಮುಳ್ಳನ್ನು ಸೆಟೆದು ನಿಲ್ಲಿಸುವುದರಿಂದ ಅದು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡರೆ ಮೀನನ್ನು ಎಳೆಯದೆ, ಬಲೆಯನ್ನೇ ಕತ್ತರಿಸಿ. ಡಬ್ಬಿಯೊಂದೇ ಸುರಕ್ಷಿತ.

ಮೊದಲ ದಿನವಿಡೀ ಮೀನು ಬಿಲದಿಂದ ಹೊರಬರದಿದ್ದರೆ ಗಾಬರಿಪಟ್ಟು ಕಲ್ಲು ಎತ್ತಿ ನೋಡುವುದು ಬೇಡ.

ಹಂತ 6: ರಾತ್ರಿಯ ಊಟ

‘ಪಾಚಿ ಇದೆಯಲ್ಲ, ಬೇರೆ ಊಟ ಏಕೆ?’ ಎಂಬ ಪ್ರಶ್ನೆಯೇ ಅರ್ಧ ಅನಾಹುತದ ಮೂಲ. ಮನೆಯ ತೊಟ್ಟಿಯ ಪಾಚಿ ಬೆಳೆಯುವ ಮೀನಿಗೆ ಕೆಲವೇ ದಿನದ ಮೇವು. ಅದು ತೀರಿದ ಮೇಲೆ ಹಸಿದ ಮೀನಿಗೆ ಉಳಿಯುವುದು ಗಿಡದ ಎಳೆ ಎಲೆ ಮತ್ತು ಪಕ್ಕದ ಮೀನಿನ ಮೈ.

ದೀಪ ಆರಿಸಿ ಅರ್ಧ ಗಂಟೆಯ ಬಳಿಕ ಆಹಾರ ಕೊಡಿ; ದೀಪವಿರುವಾಗ ಹಾಕಿದ್ದನ್ನು ಬೇರೆ ಮೀನುಗಳು ಕಬಳಿಸುತ್ತವೆ. ಬ್ರಿಸಲ್‌ನೋಸ್‌ಗೆ ಸೌತೆಕಾಯಿ, ಸೀಮೆಬದನೆ, ಪಾಲಕ್ ಎಲೆ ಸರಿಹೊಂದುತ್ತವೆ. ನಮ್ಮ ಕಡೆಯ ತರಕಾರಿಗೆ ಔಷಧಿ ಹೊಡೆಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ತೊಳೆದು, ಸಿಪ್ಪೆ ಹೆರೆದು, ಬೆರಳಿನಷ್ಟು ದಪ್ಪದ ಬಿಲ್ಲೆ ಕೊಯ್ದು, ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯಿರಿ. ಸ್ಟೀಲ್ ಫೋರ್ಕಿಗೆ ಚುಚ್ಚಿ ಇಳಿಬಿಟ್ಟರೆ ತಳದಲ್ಲಿ ನಿಲ್ಲುತ್ತದೆ. ಬೆಳಗ್ಗೆ ಉಳಿದದ್ದನ್ನು ತೆಗೆಯಲೇಬೇಕು, ಇಲ್ಲವಾದರೆ ಕೊಳೆತು ನೀರು ಕೆಡುತ್ತದೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ತರಕಾರಿ, ಉಳಿದ ದಿನ ಒಂದು ಆಲ್ಗೆ ವೇಫರ್ (ಪಾಚಿ ಮೀನಿಗೆಂದೇ ಮಾರುವ ಒಣ ಬಿಲ್ಲೆ), ಒಂದು ರಾತ್ರಿ ಉಪವಾಸ. ಮೊದಲ ಸಲ ಸೌತೆಕಾಯಿಯನ್ನು ಮೂಸಿಯೂ ನೋಡದಿದ್ದರೆ ಮೂರು ನಾಲ್ಕು ರಾತ್ರಿ ಪ್ರಯತ್ನ ಮುಂದುವರಿಸಿ. ನಮ್ಮ ಮನೆಯ ಗಂಡು ಬ್ರಿಸಲ್‌ನೋಸ್ ಐದನೆಯ ರಾತ್ರಿ ಬಾಯಿ ಹಾಕಿತು. ಬೆಳಗ್ಗೆ ಬಿಲ್ಲೆಯ ತಿರುಳೆಲ್ಲ ಹೋಗಿ ಉಂಗುರ ಮಾತ್ರ ಫೋರ್ಕಿನಲ್ಲಿ ತೂಗುತ್ತಿತ್ತು.

ಹಂತ 7: ನಡವಳಿಕೆಯನ್ನು ಓದಿ

ವಾರಕ್ಕೊಮ್ಮೆಯಾದರೂ, ದೀಪ ಆರಿಸಿ ಒಂದು ಗಂಟೆ ಕಳೆದ ಮೇಲೆ ಕೆಂಪು ಟಾರ್ಚಿನಲ್ಲಿ ತೊಟ್ಟಿಯನ್ನು ನೋಡಿ. ಕೆಂಪು ಬೆಳಕಿಗೆ ಮೀನುಗಳು ಅಷ್ಟಾಗಿ ಬೆದರುವುದಿಲ್ಲ. ನನ್ನ ಏಂಜೆಲ್ ಮೀನಿನ ಪಕ್ಕೆಯಲ್ಲಿ ಮೊದಲು ಮಬ್ಬಾದ ದುಂಡು ಗುರುತೊಂದು ಕಾಣಿಸಿದಾಗ, ಶಿಲೀಂಧ್ರವೆಂದು ತಿಳಿದು ಎಂಟು ದಿನ ಔಷಧಿ ಹಾಕಿದೆ. ಒಂಬತ್ತನೆಯ ರಾತ್ರಿ ಟಾರ್ಚು ಬಿಟ್ಟಾಗ ಕಂಡದ್ದು ಇದು: ಗಿಡದ ಮರೆಯಲ್ಲಿ ಏಂಜೆಲ್ ನಿಶ್ಚಲವಾಗಿ ನಿಂತಿದೆ, ಐದಂಗುಲದ ಹನಿ ಸಕ್ಕರ್ ಅದರ ಪಕ್ಕೆಗೆ ಅಡ್ಡಲಾಗಿ ಅಂಟಿದೆ, ಏಂಜೆಲ್ ಒಮ್ಮೆ ಮೈ ಕೊಡವಿ ಎರಡು ಗೇಣು ಸರಿಯಿತು, ಸಕ್ಕರ್ ಬಿಡದೆ ಅದರೊಡನೆಯೇ ಸಾಗಿತು. ಎಂಟು ದಿನದ ಔಷಧಿ ವ್ಯರ್ಥವಾದದ್ದಷ್ಟೇ ಅಲ್ಲ, ತಪ್ಪಿತಸ್ಥ ಮೀನು ತೊಟ್ಟಿಯಲ್ಲೇ ಉಳಿದಿತ್ತು.

ಗಾಬರಿಪಡಬೇಕಿಲ್ಲದ ನಡವಳಿಕೆಗಳು ಇವು. ಹಗಲಿಡೀ ಒಂದೇ ಕಡೆ ಅಂಟಿರುವುದು ಸಕ್ಕರ್ ಜಾತಿಗೆ ಸಹಜ. ಆಗೊಮ್ಮೆ ಈಗೊಮ್ಮೆ ಬಾಣದಂತೆ ಮೇಲೇರಿ ಗಾಳಿ ನುಂಗಿ ಇಳಿಯುವುದೂ ಸಹಜ, ಏಕೆಂದರೆ ಅದು ಹೊಟ್ಟೆಯ ಮೂಲಕವೂ ಗಾಳಿಯಿಂದ ಆಮ್ಲಜನಕ ಪಡೆಯಬಲ್ಲದು. ಕಣ್ಣನ್ನು ಗುಂಡಿಯೊಳಗೆ ತಿರುಗಿಸಿಕೊಂಡು ‘ಮಿಟುಕಿಸುವುದು’ ರೋಗವಲ್ಲ. ಗಂಡು ಬ್ರಿಸಲ್‌ನೋಸ್ ನಾಲ್ಕೈದು ದಿನ ಊಟಕ್ಕೂ ಬಾರದೆ ಬಿಲದಲ್ಲೇ ಕುಳಿತು ರೆಕ್ಕೆ ಬೀಸುತ್ತಿದ್ದರೆ, ಹತ್ತಿರ ಬಂದವರನ್ನು ನೂಕುತ್ತಿದ್ದರೆ, ಒಳಗೆ ಕಿತ್ತಳೆ ಬಣ್ಣದ ಮೊಟ್ಟೆಯ ಗೊಂಚಲಿರುತ್ತದೆ. ಕಾವಲು ಅಪ್ಪನ ಕೆಲಸ, ಬಿಲ ಅಲುಗಾಡಿಸಬೇಡಿ.

ಅಟ್ಟಿಸಿಕೊಂಡು ಹೋಗುವುದರಲ್ಲೂ ಎರಡು ಬಗೆ. ಒಂದು ಗೇಣು ಅಟ್ಟಿ ತನ್ನ ಕಲ್ಲಿಗೆ ಮರಳಿದರೆ ಅದು ಗಡಿ ಕಾಯುವುದು; ಬಿಲ, ಗಿಡಗಳಿಂದ ನೋಟಕ್ಕೆ ಅಡ್ಡಿ ಮಾಡಿದರೆ ತಣ್ಣಗಾಗುತ್ತದೆ. ತೊಟ್ಟಿಯ ಉದ್ದಕ್ಕೂ ಅಟ್ಟಿ, ಎದುರಾಳಿ ಮೂಲೆಯ ಮೇಲ್ಭಾಗದಲ್ಲಿ ರೆಕ್ಕೆ ಮುದುಡಿ ನಿಂತರೂ ಬಿಡದಿದ್ದರೆ ಅಂದೇ ಬೇರ್ಪಡಿಸಬೇಕು.

ಅಪಾಯದ ಸೂಚನೆಗಳಲ್ಲಿ ಮುಖ್ಯವಾದದ್ದು ಹೊಟ್ಟೆ ಒಳಸೇರುವುದು. ಎರಡನೆಯದು, ಅಗಲ ಮೈಯ ಮೀನುಗಳ ಮೇಲೆ ದುಂಡನೆಯ ಮಬ್ಬು ಗುರುತು ಅಥವಾ ಹುರುಪೆ ಕಿತ್ತ ಜಾಗ. ಪಾಚಿ ಮೀನಿನ ಜೊತೆ ಉಳಿದವೂ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ ಅಥವಾ ಅಮೋನಿಯ ಏರಿದೆ ಎಂದರ್ಥ. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋದಾಗ ಇದು ಹೆಚ್ಚು. ಡಿಸೆಂಬರ್ ಜನವರಿಯ ರಾತ್ರಿ ನೀರು 20 ಡಿಗ್ರಿಗಿಂತ ಕೆಳಗಿಳಿದಾಗ ಮೀನು ಊಟ ಬಿಟ್ಟು ಮಂಕಾಗುವುದು ರೋಗದಿಂದಲ್ಲ, ಚಳಿಯಿಂದ. ಲೀಟರಿಗೆ ಒಂದು ವ್ಯಾಟ್ ಲೆಕ್ಕದ ಹೀಟರ್ ಇಟ್ಟರೆ ಸರಿಹೋಗುತ್ತದೆ.

ಬೆಳಗ್ಗೆ ಸತ್ತ ಮೀನಿನ ಮೇಲೆ ಸಕ್ಕರ್ ಕುಳಿತಿದ್ದರೆ ಅದೇ ಕೊಂದಿತೆಂದು ತೀರ್ಮಾನಿಸಬೇಡಿ. ಹೆಣ ಮೆಲ್ಲುವುದು ಅದರ ಜಾಯಮಾನ. ಮೊದಲು ನೀರನ್ನು ಪರೀಕ್ಷಿಸಿ.

ಹಂತ 8: ಜಗಳ ಮುಂದುವರಿದರೆ

ಗಾಯಗೊಂಡ ಮೀನನ್ನು ಟಬ್ಬಿಗೆ ಬದಲಿಸಿ, ಅಂಟಿದ ಮೀನನ್ನು ತೊಟ್ಟಿಯಲ್ಲೇ ಬಿಡುವುದು ಹೆಚ್ಚಿನವರು ಮಾಡುವ ತಪ್ಪು. ಅದು ಮರುದಿನ ಇನ್ನೊಂದನ್ನು ಹಿಡಿಯುತ್ತದೆ. ಎರಡನ್ನೂ ಹೊರತೆಗೆಯಿರಿ. ಗಾಯದ ಗೋಲ್ಡ್‌ಫಿಶ್‌ಗೆ ಲೀಟರಿಗೆ 1ರಿಂದ 2 ಗ್ರಾಂ ಉಪ್ಪು ಬೆರೆಸಿದ ಪ್ರತ್ಯೇಕ ನೀರು ಸಹಾಯಕ. ಅದೇ ಕಲ್ಲುಪ್ಪನ್ನು ಸಕ್ಕರ್ ಇರುವ ತೊಟ್ಟಿಗೆ ಹಿಡಿಹಿಡಿಯಾಗಿ ಎಸೆಯಬೇಡಿ. ಉಪ್ಪು, ತಾಮ್ರಯುಕ್ತ ಔಷಧಿಗಳೆರಡನ್ನೂ ಈ ಜಾತಿ ಸುಲಭವಾಗಿ ಸಹಿಸದು.

ದಾಳಿ ಮಾಡಿದ್ದು ಸಾಮಾನ್ಯ ಸಕ್ಕರ್ ಆಗಿದ್ದು, ಹೊಟ್ಟೆ ಒಳಸೇರಿದ್ದರೆ, ಬೇರೆ ಟಬ್ಬಿನಲ್ಲಿ ಎರಡು ವಾರ ಹೊಟ್ಟೆ ತುಂಬ ಉಣಿಸಿ ಮರಳಿ ಬಿಟ್ಟು ನೋಡಬಹುದು. ಹೊಟ್ಟೆ ದುಂಡಗಿದ್ದೂ ಅಂಟುತ್ತಿದ್ದರೆ, ಅಥವಾ ಅದು ಬಲಿತ ಹನಿ ಸಕ್ಕರ್ ಆಗಿದ್ದರೆ, ಅಭ್ಯಾಸ ಬಿಡುವುದಿಲ್ಲ. ದೊಡ್ಡ ತೊಟ್ಟಿಯವರಿಗೆ ಕೊಡಿ ಅಥವಾ ಅಂಗಡಿಗೆ ಮರಳಿಸಿ. ಹಣ ಕೇಳದಿದ್ದರೆ ಬಹಳಷ್ಟು ಅಂಗಡಿಯವರು ತೆಗೆದುಕೊಳ್ಳುತ್ತಾರೆ.

ಕರುಣೆಯಿಂದಲಾದರೂ ಅದನ್ನು ಕೋಲಾರಮ್ಮನ ಕೆರೆಗೋ, ಕಂದವಾರ ಕೆರೆಗೋ, ತುಮಕೂರಿನ ಅಮಾನಿಕೆರೆಗೋ, ತೋಟದ ಬಾವಿಗೋ ಬಿಡಬಾರದು. ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಭಾರತದ ಹಲವು ಕಡೆಯ ನೀರಿನಲ್ಲಿ ಈಗಾಗಲೇ ನೆಲೆಯೂರಿದೆ. ಏರಿಯಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಮುಳ್ಳಿನಿಂದ ಮೀನುಗಾರರ ಬಲೆ ಹರಿಯುತ್ತದೆ, ಹಿಡಿದರೆ ಕೊಳ್ಳುವವರಿಲ್ಲ. ಸಾಗಿಸುವಾಗ ತೆಳು ಪ್ಲಾಸ್ಟಿಕ್ ಚೀಲವನ್ನು ಮುಳ್ಳು ತೂತು ಮಾಡುವುದರಿಂದ, ಮೂರನೇ ಒಂದು ಭಾಗ ನೀರು ತುಂಬಿದ ಮುಚ್ಚಳದ ಬಕೆಟ್ಟಿನಲ್ಲಿ, ಮುಚ್ಚಳಕ್ಕೆ ನಾಲ್ಕು ತೂತು ಹೊಡೆದು, ಹಿಂದಿನ ದಿನ ಊಟ ಹಾಕದೆ, ಬೆಳಗಿನ ತಂಪಿನಲ್ಲಿ ಒಯ್ಯಿರಿ.